ಕಣ್ಣು ಮುಚ್ಚಿ ನೋಡಿದ ಸಿನಿಮಾ

ಸದಾನಂದರಿಗೆ ಸಿನಿಮಾ ವಿಷಯದಲ್ಲಿ ಸುಳ್ಳು ಹೇಳಲು ಬರುವುದಿಲ್ಲ. ಬೇರೆ ವಿಷಯದಲ್ಲಿ ಧಾರಾಳವಾಗಿ ಬರುತ್ತದೆ. ಇಡ್ಲಿ ಇನ್ನೂ ಹಬೆಯಲ್ಲಿರುವಾಗಲೇ ‘ಬಂತು, ಬಂತು’ ಎನ್ನುತ್ತಾರೆ. ನಾನು ಹೊಸ ಸೀರೆ ಉಟ್ಟು ಹೋದರೆ ತಲೆ ಎತ್ತಿ ನೋಡದೆಯೇ ಚೆನ್ನಾಗಿದೆ ಎನ್ನುತ್ತಾರೆ. ಆದರೆ ಸಿನಿಮಾ ಕೆಟ್ಟದ್ದಾಗಿದ್ದರೆ, ಅದನ್ನು ತೆಗೆದವನೇ ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದರೂ ಕೆಟ್ಟದ್ದು ಎಂದೇ ಹೇಳುವ ಮನುಷ್ಯ.

ಅವರು ಕುಂದಾಪುರದ ಕಡೆಯವರು. ಚಿಕ್ಕ ವಯಸ್ಸಿಗೇ ಮದ್ರಾಸಿಗೆ ಬಂದು, ಲೋಟ ತೊಳೆದು, ಮೇಜು ಒರೆಸಿ, ಈಗ ಕೀಲ್ಪಾಕಿನ ಒಂದು ಸಸ್ಯಾಹಾರಿ ಹೋಟೆಲಿನ ಮ್ಯಾನೇಜರ್ ಆಗಿದ್ದಾರೆ. ಹತ್ತಿರದ ದೊಡ್ಡಾಸ್ಪತ್ರೆಗೆ ಬಂದವರೆಲ್ಲ ಊಟಕ್ಕೆ ಅಲ್ಲಿಗೇ ಬರುತ್ತಾರೆ. ಅವರ ಸಂಕಟದ ಮುಖಗಳನ್ನು ನೋಡಿ ನೋಡಿ ಸದಾನಂದರು ಮೆತ್ತಗೆ ಮಾತಾಡುವುದನ್ನು ಕಲಿತಿದ್ದಾರೆ. ಹೆಂಡತಿ ತುಂಗಾ ಇಬ್ಬರ ಪಾಲಿನ ಜೋರನ್ನೂ ಒಬ್ಬರೇ ವಹಿಸಿಕೊಂಡಿದ್ದಾರೆ.

ಚೆನ್ನೈಗೆ ಕನ್ನಡ ಸಿನಿಮಾ ಬಂದರೆ ಸಾಮಾನ್ಯವಾಗಿ ಭಾನುವಾರ ಬೆಳಿಗ್ಗೆ ಒಂದೇ ಆಟ. ನಾವು ಮೂವರು ತಪ್ಪಿಸುವುದಿಲ್ಲ: ಸದಾನಂದರು, ರೈಲ್ವೆಯಿಂದ ನಿವೃತ್ತರಾದ ಮಂಡ್ಯದ ನಂಜುಂಡಯ್ಯ, ಮತ್ತು ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತಳಾದ ನಾನು, ಸೀತಾ. ಆಟ ಮುಗಿಸಿ ಬಂದು, ಹೋಟೆಲಿನ ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಹಿಂದಿನ ಮೇಜಿನಲ್ಲಿ ಸಿನಿಮಾವನ್ನು ಹರಿದು ಹಂಚಿಕೊಳ್ಳುತ್ತೇವೆ. ನಮ್ಮದೊಂದು ಕಟ್ಟುನಿಟ್ಟಿನ ನಿಯಮವಿದೆ. ನಿದ್ದೆ ಹೊಡೆದವರು ಮೊದಲು ಮಾತಾಡಬೇಕು, ಬೇರೆಯವರ ಅಭಿಪ್ರಾಯ ಕದ್ದು ತಮ್ಮದೆಂದು ಹೇಳಬಾರದು ಅಷ್ಟೆ. ಹಾಗಾಗಿ ಮೊದಲ ಮಾತು ಸಾಧಾರಣವಾಗಿ ನಂಜುಂಡಯ್ಯನದೇ.

ಈ ಸಲ ಸದಾನಂದರ ಮಗಳು ಪ್ರಣಮ್ಯಾ ಕೂಡ ಬಂದಿದ್ದಳು. ಪೋರೂರಿನ ಒಂದು ಕಂಪನಿಯಲ್ಲಿ ಕೆಲಸ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ಹುಡುಗಿ. ಅವಳು ಕನ್ನಡ ಸಿನಿಮಾಕ್ಕೆ ಯಾಕೆ ಬಂದಳು ಎಂದು ಅವಳ ಅಪ್ಪನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೊಟ್ಟೆಯಲ್ಲಿ ಗುಟ್ಟು ಇಟ್ಟುಕೊಂಡು ಮೂರು ಗಂಟೆ ಕೂರುವುದು ನನ್ನಂಥವಳಿಗೆ ಎಂಥ ಶಿಕ್ಷೆ ಎಂದು ನನ್ನನ್ನು ಬಲ್ಲವರನ್ನು ಕೇಳಿ.

ಸಿನಿಮಾದ ನಾಯಕಿ ಕರಾವಳಿಯ ಒಬ್ಬ ನರ್ಸ್. ಆ ಪಾತ್ರ ಮಾಡಿದ ಉತ್ತರ ಭಾರತದ ಹುಡುಗಿಗೆ ಕನ್ನಡ ಬಾರದು. ಧ್ವನಿ ನಮ್ಮ ಪ್ರಣಮ್ಯಾಳದು. ಡಬ್ಬಿಂಗ್ ನಡೆದದ್ದು ಇಲ್ಲೇ ವಡಪಳನಿಯ ಸ್ಟುಡಿಯೋದಲ್ಲಿ. ರಜೆ ಹಾಕಿ ಹಾಕಿ ಮುಗಿಸಿದಳು. ಅಭ್ಯಾಸಕ್ಕೆ ನನ್ನ ಮನೆಗೆ ಬರುತ್ತಿದ್ದಳು. ‘ನನ್ನ ಮೈಸೂರು ಕನ್ನಡ ಕಲಿತು ಕೆಡಬೇಡ, ನಿಮ್ಮಮ್ಮ ಹೇಗೆ ಮಾತಾಡ್ತಾಳೋ ಹಾಗೆ ಆಡು’ ಎಂದಿದ್ದೆ. ಮುಂದಿನ ಸಿನಿಮಾಕ್ಕೂ ಕರೆದಿದ್ದರು. ಒಪ್ಪಿದರೆ ಕಂಪನಿ ಕೆಲಸ ಬಿಡಬೇಕು, ನಾಳೆಯೇ ಉತ್ತರ ಕೊಡಬೇಕು.

“ಅಪ್ಪಾ ನಲ್ಲಾ ಇರುಕ್ಕುನ್ನು ಸೊನ್ನಾ ಪಣ್ಣುವೇನ್ ಅತ್ತೆ. ಇಲ್ಲೇನ್ನಾ ವಿಟ್ಟುಡುವೇನ್” ಎಂದಿದ್ದಳು. ಅಪ್ಪ ಚೆನ್ನಾಗಿದೆ ಎಂದರೆ ಮಾಡುತ್ತಾಳಂತೆ, ಇಲ್ಲವಾದರೆ ಬಿಟ್ಟೇಬಿಡುತ್ತಾಳಂತೆ. ತನ್ನ ಧ್ವನಿ ಎಂದು ಗೊತ್ತಾದರೆ ಅಪ್ಪನ ನಾಲಿಗೆ ಮೆತ್ತಗಾದೀತು, ಆದ್ದರಿಂದ ಹೇಳಬಾರದು. ಯಾಕಿಷ್ಟು ಪಟ್ಟು ಎಂದು ಕೇಳಿದ್ದಕ್ಕೆ ಹಳೆಯದೊಂದನ್ನು ಹೇಳಿದಳು. ಚಿಕ್ಕವಳಿದ್ದಾಗ ಊರಿನ ಮದುವೆಮನೆಯಲ್ಲಿ ಇವಳು ಕನ್ನಡ ಮಾತಾಡಿದಳಂತೆ, ತಮಿಳಿನ ರಾಗದಲ್ಲಿ. ಸದಾನಂದರು ನೆಂಟರ ಮುಂದೆ ಅವಳ ಹಾಗೆಯೇ ಆಡಿ ತೋರಿಸಿ ಎಲ್ಲರನ್ನೂ ನಗಿಸಿದರಂತೆ. ಪ್ರೀತಿಯಿಂದಲೇ ಮಾಡಿದ್ದು, ಅನುಮಾನವಿಲ್ಲ. ಅಂದಿನಿಂದ ಅಪ್ಪನ ಎದುರು ಅವಳು ಕನ್ನಡದಲ್ಲಿ ಬಾಯಿ ಬಿಟ್ಟಿಲ್ಲ.

ಇಷ್ಟೆಲ್ಲ ಇದ್ದು, ಥಿಯೇಟರಿನಲ್ಲಿ ಮಧ್ಯಂತರಕ್ಕೆ ಮುಂಚೆ ತಿರುಗಿ ನೋಡುತ್ತೇನೆ, ಸದಾನಂದರ ಕಣ್ಣು ಮುಚ್ಚಿದೆ! ಅಯ್ಯೋ ನಿನ್ನ, ಎಂದುಕೊಂಡೆ. ಮಧ್ಯಂತರ ಮುಗಿದ ಮೇಲೂ ಅದೇ ಕಥೆ. ಮಗಳು ಅದನ್ನು ನೋಡಿದಳು. ಪಾಪ್‌ಕಾರ್ನ್ ಪೊಟ್ಟಣವನ್ನು ಮುಟ್ಟದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನಗೆ ಅವರ ಪಕ್ಕೆಗೆ ತಿವಿಯುವಷ್ಟು ಕೋಪ ಬಂತು.

ಹೋಟೆಲಿಗೆ ಬಂದು ಕೂತಿದ್ದೇ ತಡ, ನಂಜುಂಡಯ್ಯನಿಗೆ ಹಬ್ಬ.

“ಏನ್ ಸ್ವಾಮಿ, ಇವತ್ತು ಸಿಕ್ಕಾಕ್ಕೊಂಡ್ರಿ! ಹೇಳಿ ಮೊದ್ಲು.”

“ಹ್ವಾಯ್, ನಾನ್ ಮನಿಕಂಡಿಲ್ಲ ಮಾರಾಯ್ರೆ” ಎಂದರು ಸದಾನಂದರು. “ನೀವೇ ಹೇಳಿ.”

ನಂಜುಂಡಯ್ಯ ತಡೆದುಕೊಳ್ಳುವವರಲ್ಲ. ಹೋದ ತಿಂಗಳ ದೆವ್ವದ ಚಿತ್ರಕ್ಕಿಂತ ಇದು ನೂರು ಪಾಲು ವಾಸಿ ಎಂದರು. ಆ ದೆವ್ವವೇ ವಾಸಿಯಿತ್ತು, ಅದಕ್ಕೆ ಹಾಡುಗಳಿರಲಿಲ್ಲ ಎಂದೆ ನಾನು. ಹೊಡೆದಾಟ ಬೊಂಬಾಟ್ ಎಂದರು. ಆಸ್ಪತ್ರೆಯೊಳಗೆ ಅಷ್ಟು ಹೊಡೆದಾಡಿದರೂ ಒಬ್ಬ ರೋಗಿಗೂ ಎಚ್ಚರವಾಗಲಿಲ್ಲವಲ್ಲ ಎಂದೆ.

“ಅದ್ ಬಿಡೀಮ್ಮ. ನಂಗೆ ಸರಿಹೋಗದೆ ಇದ್ದಿದ್ದು ಆ ನರ್ಸಮ್ಮನ ವಾಯ್ಸು. ಏನ್ ರಾಗ, ಏನ್ ಎಳೆತ! ನಮ್ ಕಡೆ ಹಂಗೆ ಮಾತಾಡಿದ್ರೆ ನಾಟಕ ಆಡ್ತಾವ್ಳೆ ಅಂತಾರೆ.”

“ನಿಮ್ ಕಡೆ ಒಂದೇನಾ ಕರ್ನಾಟಕ?” ಎಂದು ನಾನು ಎಷ್ಟು ಜೋರಾಗಿ ರೇಗಿದೆನೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಪ್ರಣಮ್ಯಾ ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡುತ್ತಿದ್ದಳು.

ಸದಾನಂದರು ಮೇಜಿನ ಮೇಲೆ ಚೆಲ್ಲಿದ ನೀರನ್ನು ಬಟ್ಟೆಯಿಂದ ಒರೆಸಿದರು. ಹಳೆಯ ಅಭ್ಯಾಸ.

“ನಂಜುಂಡಯ್ಯ ಹೇಳಿದ್ದರಲ್ಲಿ ಅರ್ಧ ಸಮ” ಎಂದರು. “ಸುರುವಿಗೆ ಆ ಹುಡುಗಿ ಓದ್ತಾ ಇದ್ಲು, ಮಾತಾಡ್ತಾ ಇರ್ಲಿಲ್ಲ. ಡಾಕ್ಟರ ಹತ್ರ ಮಾತಾಡುವಾಗ ತಮಿಳು ಇಣುಕಿತು. ಅಳುವ ಸೀನಂತೂ ಪೂರಾ ಸುಳ್ಳು, ಮೂಗು ಕಟ್ಟಿದ ಹಾಗೆ ಇತ್ತು.”

ಮುಗಿಯಿತು ಎಂದುಕೊಂಡೆ. ಪ್ರಣಮ್ಯಾಳ ಕೈ ಬ್ಯಾಗಿನ ಕಡೆ ಹೋಯಿತು.

“ಆದ್ರೆ ಆ ಆಸ್ಪತ್ರೆ ಗೇಟಿನ ಹತ್ರ, ಊಟ ಮಾಡದೆ ಬಂದ ಅಪ್ಪನಿಗೆ ಬೈತಾಳಲ್ಲ... ಅದು ನಟನೆ ಅಲ್ಲ ಮಾರಾಯ್ರೆ. ಅದು ನಮ್ಮ ತುಂಗ. ನಮ್ಮನೆ ಅಡುಗೆಮನೆ. ಅಲ್ಲಿಂದ ನಾನು ಕಣ್ ಮುಚ್ಕಂಡೆ. ಪರದೆ ಮೇಲಿನ ಆ ಹುಡುಗಿ ಮುಖ ನಂಗೆ ಎಂತಕ್ಕೆ? ನಂಗೆ ಬರೀ ಕೇಂಬುದು ಬೇಕಿತ್ತು.”

“ಹಂಗಾದ್ರೆ ವಾಯ್ಸ್ ಯಾರ್ದು?” ಎಂದರು ನಂಜುಂಡಯ್ಯ.

“ಇವಳದ್ದು.”

ನಂಜುಂಡಯ್ಯ ಬಾಯಿ ತೆರೆದವರು ಮುಚ್ಚಲಿಲ್ಲ. ನಾನು ಹೇಳಿಲ್ಲ ಎಂದು ಕೈಯಾಡಿಸಿದೆ. ಪ್ರಣಮ್ಯಾ ಅಪ್ಪನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಕೆಲಸ ಬಿಡುವುದು, ಮುಂದಿನ ಸಿನಿಮಾ, ನಾಳೆಯ ಉತ್ತರ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ತಮಿಳಿನಲ್ಲಿ ಹೇಳಿಬಿಟ್ಟಳು. ಕೊನೆಗೆ, “ಒತ್ತುಕ್ಕಟ್ಟುಮಾ ಪ್ಪಾ?” ಎಂದಳು. ಒಪ್ಪಿಕೊಳ್ಳಲೇ ಎಂದು.

ಸದಾನಂದರು ಒರೆಸುವ ಬಟ್ಟೆಯನ್ನು ಮಡಿಸಿಟ್ಟರು. ಆಮೇಲೆ, “ಒಪ್ಕೋ. ಮೊದಲರ್ಧ ಇನ್ನೂ ಕಲೀಬೇಕು, ಆದ್ರೂ ಒಪ್ಕೋ” ಎಂದರು.

ಆಗ ನನ್ನ ಬಾಯಿ ಸುಮ್ಮನಿರಬೇಕೇ? “ಅಪ್ಪನಿಗೆ ಒಂದು ಮಾತು ಕನ್ನಡದಲ್ಲಿ ಹೇಳೇ, ಈಗಲಾದ್ರೂ” ಎಂದೆ. ಹುಡುಗಿ ಬಾಯಿ ತೆರೆದಳು. ತುಟಿ ಅಲುಗಿತು. ಮಾತು ಬರಲಿಲ್ಲ.

ಸದಾನಂದರು ಅವಳ ತಲೆ ಮುಟ್ಟಿದರು.

“ಬಿಡಿ ಸೀತಮ್ಮ, ಒತ್ತಾಯ ಮಾಡ್ಬೇಡಿ” ಎಂದರು. “ಅವಳು ಮನೇಲಿ ತಮಿಳೇ ಮಾತಾಡ್ಲಿ. ಅವಳ ಕನ್ನಡ ನಾನು ಟಿಕೇಟು ತಕಂಡೇ ಕೇಳ್ತೆ.”