ಅಕ್ಕ ಕುದಿಸಿದ ಕಲ್ಲು

ನಮ್ಮ ಕಟ್ಟಡದವರೆಲ್ಲ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಲಿಫ್ಟು ರಿಪೇರಿ ಅವನ ಕಸುಬು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಬೆವರುವವರಿಗೆ ಹೊರಗಿನಿಂದ "ಏನೂ ಆಗಲ್ಲ, ಇದೋ ಬಂದೆ" ಎಂದು ಹೇಳಿ ಹೇಳಿ ಆ ಮಾತು ಅವನ ನಾಲಿಗೆಗೇ ಅಂಟಿಕೊಂಡಿತ್ತು. ಮನುಷ್ಯ ಒಳ್ಳೆಯವನೇ. ಆದರೆ ಎದುರಿನವರು ಗಾಬರಿಯಾಗಬಾರದೆಂದು ನಿಜವನ್ನು ಅರ್ಧಕ್ಕೇ ನುಂಗುವ ಒಳ್ಳೆಯವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ.

ಮನೆಯಲ್ಲಿ ಅವನೂ ಅವನ ಅಕ್ಕನೂ ಇಬ್ಬರೇ. ಅಕ್ಕ ವರ್ಷಗಟ್ಟಲೆ ಒಂದು ನರ್ಸಿಂಗ್ ಹೋಮಿನಲ್ಲಿ ಕತ್ತರಿ, ಚಿಮುಟಗಳನ್ನು ಕುದಿಸಿ ಕೊಡುವ ಕೆಲಸ ಮಾಡಿದವಳು. ಕೆಲಸ ಬಿಟ್ಟ ಮೇಲೂ ಕುದಿಸುವುದನ್ನು ಬಿಡಲಿಲ್ಲ. ಬಾಚಣಿಗೆ, ಕರವಸ್ತ್ರ, ನೆಂಟರು ಕುಡಿದಿಟ್ಟ ಲೋಟ, ಎಲ್ಲವೂ ಅವಳ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಕೊತಕೊತ ಕುದಿದೇ ಹೊರಬರಬೇಕು. ಕುದಿಸುವಾಗ ಧೂಳು ಬೀಳಬಾರದೆಂದು ಅಡುಗೆಮನೆಯ ಕಿಟಕಿ ಬೇರೆ ಮುಚ್ಚಿಬಿಡುತ್ತಿದ್ದಳು. ಅಮ್ಮ ತೀರಿಕೊಂಡಾಗ ತಮ್ಮ ಇನ್ನೂ ಕೈಗೂಸು. ಅವನ ಹಾಲಿನ ಬಾಟಲಿ ಕುದಿಸುತ್ತ ಕುದಿಸುತ್ತಲೇ ಅವಳ ಮದುವೆಯ ವಯಸ್ಸು ಕಳೆದುಹೋಯಿತು. ಅದನ್ನು ಅವಳು ಎಂದೂ ಆಡಿ ತೋರಿಸಲಿಲ್ಲ. ಒಂದು ವಸ್ತುವನ್ನು ಕ್ರಿಮಿಯಿಲ್ಲದಂತೆ ಮಾಡಿ ಕೈಗಿಡುವುದೇ ಅವಳ ಪ್ರೀತಿಯಾಗಿತ್ತು.

ಇಂಥವಳ ಮನೆಗೆ ಅವನು ಹವಳದ ತೊಟ್ಟಿ ತಂದ. ಮುಂದಿನ ಕೋಣೆಯ ಗೋಡೆಯುದ್ದಕ್ಕೂ ಗಾಜು, ಉಪ್ಪು ಬೆರೆಸಿದ ನೀರು, ನೀಲಿ ದೀಪ, ಕಲ್ಲುಗಳ ಮೇಲೆ ಮೆದು ಹವಳಗಳು. ನೋಡಿದರೆ ಗಿಡ ಎನ್ನಬೇಕು, ಆದರೆ ಅವೆಲ್ಲ ಜೀವವಿರುವ ಪ್ರಾಣಿಗಳು. ಅಕ್ಕ ಬಾಗಿಲಲ್ಲೇ ಅಡ್ಡ ನಿಂತು ಒಂದೇ ಮಾತು ಹೇಳಿದಳು: "ಕಚ್ಚೋದು, ಕುಟುಕೋದು, ವಿಷದ್ದು, ಒಂದೂ ಈ ಮನೆಗೆ ಬರಬಾರದು. ಬಂತೋ, ತೊಟ್ಟಿ ಸಮೇತ ಬೀದಿಗೆ." ಅವನು ಮಾತು ಕೊಟ್ಟ.

ಮೊದಮೊದಲು ಉಪ್ಪುನೀರಿಗೆ ಇಷ್ಟು ಸೇವೆಯೇ ಎಂದು ಗೊಣಗಿದಳು. ಆವಿಯಾದಷ್ಟು ಸೋಸಿದ ನೀರು ತುಂಬುವುದು, ಉಪ್ಪಿನ ಹದ ನೋಡುವುದು, ದೊಡ್ಡ ಅಣಬೆಯಂತಹ ತೊಗಲು ಹವಳ ಮುನಿಸಿಕೊಂಡು ಮುದುಡಿದರೆ ಅದು ಮೇಲಿನ ಸಿಪ್ಪೆ ಕಳಚಿ ಮತ್ತೆ ಅರಳುವ ತನಕ ಇವನು ಊಟ ಸೇರದೆ ಓಡಾಡುವುದು, ಎಲ್ಲ ಅವಳ ಕಣ್ಣಿಗೆ ಹುಚ್ಚಾಟ. ಆದರೆ ಅಲ್ಲೊಂದು ಬಿಳಿ ಹವಳವಿತ್ತು. ಅದರ ಪುಟ್ಟ ಪುಟ್ಟ ಕೈಗಳು ಹಗಲೆಲ್ಲ ಮುಚ್ಚಿ ತೆರೆದು, ಮುಚ್ಚಿ ತೆರೆದು ಮಾಡುತ್ತಿದ್ದವು. ಒಂದು ಬೆಳಿಗ್ಗೆ ಚಹಾ ಹಿಡಿದು ಅದರ ಮುಂದೆ ಕೂತವಳು, "ನೀನೂ ತೊಟ್ಟಿಲಲ್ಲಿ ಮುಷ್ಟಿ ಹೀಗೇ ಮಾಡ್ತಿದ್ದೆ ಕಣೋ" ಎಂದಳು. ಅಂದಿನಿಂದ ಆ ಕುರ್ಚಿ ಅವಳದಾಯಿತು.

ಕೇಡು ಬಂದದ್ದು ಪುಕ್ಕಟೆಯಾಗಿ. ತೊಟ್ಟಿಗೆ ಹವಳ ಮಾರುವ ಬಣ್ಣದ ಮೀನಿನಂಗಡಿಯವನು, ಖಾಯಂ ಗಿರಾಕಿಯೆಂಬ ಖುಷಿಯಲ್ಲಿ ಒಂದು ಕಲ್ಲು ಕೊಟ್ಟ. ಅದರ ಮೈತುಂಬ ಅಂಗಿಯ ಗುಂಡಿಗಳಂತಹ ಕಂದು ಹವಳಗಳು. ಕೊಡುವಾಗಲೇ ಸ್ಪಷ್ಟವಾಗಿ ಎಚ್ಚರಿಸಿದ: ಇದರ ಲೋಳೆಯಲ್ಲಿ ವಿಷ ಇರಬಹುದು, ಬರಿಗೈಲಿ ಮುಟ್ಟಬೇಡ, ಕೆರೆಯಬೇಡ, ಸತ್ತರೂ ಬಿಸಿನೀರಿಗೆ ಹಾಕಬೇಡ, ಅದರ ಆವಿ ಒಳಗೆ ಹೋದರೆ ಜೀವಕ್ಕೇ ಸಂಚಕಾರ. ಲಿಫ್ಟಣ್ಣ ತಲೆಯಾಡಿಸಿದ. ಮನೆಗೆ ಬಂದು ಬಾಯಿಗೆ ಬೀಗ ಹಾಕಿಕೊಂಡ. ಹೇಳಿದರೆ ತೊಟ್ಟಿ ಬೀದಿಗೆ ಬೀಳುತ್ತದಲ್ಲ! ರಬ್ಬರ್ ಕೈಗವಸು ಏಕೆಂದು ಅಕ್ಕ ಕೇಳಿದಾಗ, ಉಪ್ಪಿಗೆ ಕೈ ಒಡೆಯುತ್ತದೆ ಎಂದ. ಪಾಪ, ಅವಳು ಆ ರಾತ್ರಿಯೇ ಅವನ ಕೈಗೆ ಎಣ್ಣೆ ಹಚ್ಚಿದಳು.

ಗುಂಡಿಗಳು ಸದ್ದಿಲ್ಲದೆ ಹಬ್ಬಿದವು. ಪಕ್ಕದ ಕಲ್ಲಿಗೆ ದಾಟಿ ತೊಗಲು ಹವಳದ ಬುಡ ಮುಟ್ಟಿದವು. ಒಂದು ಬೆಳಿಗ್ಗೆ ಅವನು ಮನಸ್ಸು ಗಟ್ಟಿಮಾಡಿ, ಕೈಗವಸು ತೊಟ್ಟು, ಆ ಕಲ್ಲನ್ನು ಮೇಲೆತ್ತಿ ಬಕೆಟ್ಟಿಗೆ ಹಾಕಿ ಮುಚ್ಚಿದ. ಸಂಜೆ ಅಂಗಡಿಯವನಿಗೇ ಒಪ್ಪಿಸುವುದೆಂದು ಲೆಕ್ಕ. ಅಷ್ಟರಲ್ಲಿ ಫೋನು ಬಂತು. ಎಲ್ಲೋ ಲಿಫ್ಟು ನಿಂತು ಒಳಗೊಬ್ಬರು ಸಿಕ್ಕಿಕೊಂಡಿದ್ದರು. ಚಪ್ಪಲಿ ಮೆಟ್ಟುತ್ತ ಅಕ್ಕನಿಗೆ ಹೇಳಿದ:

"ಆ ಬಕೆಟ್ ಮುಟ್ಬೇಡ ಅಕ್ಕ."

"ಯಾಕೋ?"

ವಿಷ ಎಂಬ ಮಾತು ಗಂಟಲವರೆಗೂ ಬಂತು. "ಏನಿಲ್ಲ, ಕಲ್ಲು ಕೊಳಕಾಗಿದೆ ಅಷ್ಟೇ" ಎಂದ.

ಇಡೀ ಜನ್ಮ ಕೊಳಕಿನ ಮೇಲೆ ಯುದ್ಧ ಸಾರಿದವಳಿಗೆ ಕೊಳಕು ಎಂದು ಹೇಳಿ ಹೋದ ಈ ಮಹಾನುಭಾವ! ನನಗೆ ಈಗಲೂ ಸಿಟ್ಟು ಬರುತ್ತದೆ.

ಲಿಫ್ಟಿನ ಬಾಗಿಲು ಬಿಡಿಸಿ, ಒಳಗಿದ್ದವರನ್ನು ಹೊರಗೆ ಕರೆದು, ಕೈ ಒರೆಸಿಕೊಳ್ಳುತ್ತಿದ್ದಾಗ ಅಕ್ಕನ ಫೋನು. ಧ್ವನಿ ಉಬ್ಬಸದವಳಂತೆ ಎಳೆಯುತ್ತಿತ್ತು. "ಬಾಯೆಲ್ಲ ತಾಮ್ರ ನೆಕ್ಕಿದ ಹಾಗಾಗಿದೆ ಕಣೋ. ಎದೆ ಹಿಡ್ಕೊಂಡಿದೆ. ನಿನ್ನ ಕಲ್ಲು ಮಾತ್ರ ಬೆಳ್ಳಗೆ ಆಯ್ತು ನೋಡು."

ಅವನು, ಮನೆಯಿಂದ ಹೊರಗೆ ಹೋಗು, ಈಗಲೇ ಹೋಗು ಎಂದು ಕೂಗಿದ. ಕೂಗಿ, ಅಭ್ಯಾಸಬಲದಿಂದ ಸೇರಿಸಿದ: "ಏನೂ ಆಗಲ್ಲ, ಇದೋ ಬಂದೆ."

ಅಕ್ಕ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ತುಟಿ ನೀಲಿಗಟ್ಟಿತ್ತು. ತೆರೆದ ಬಾಗಿಲಿನಿಂದ ಒಳಗೆ ಒಲೆ ಇನ್ನೂ ಉರಿಯುವುದು ಕಾಣುತ್ತಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ಒಲೆಯ ಪಕ್ಕ, ಕಲ್ಲನ್ನು ಒರೆಸಿಡಲೆಂದು ಒಗೆದ ಟವೆಲ್ಲೊಂದನ್ನು ಮಡಿಸಿ ಇಟ್ಟಿದ್ದಳು.

ಆಸ್ಪತ್ರೆಯಲ್ಲಿ, ಇವರು ಏನು ಕುದಿಸಿದರು ಎಂದು ಡಾಕ್ಟರು ಕೇಳಿದರು. ಲಿಫ್ಟಣ್ಣ ಈ ಸಲ ಪೂರ್ತಿ ನಿಜ ಹೇಳಿದ, ಅಂಗಡಿಯವನ ಎಚ್ಚರಿಕೆಯ ಸಮೇತ. ಇದಕ್ಕೆ ಮದ್ದು ಎಂಬುದಿಲ್ಲ, ಉಸಿರಿಗೆ ಆಸರೆ ಕೊಟ್ಟು ಕಾಯಬೇಕು ಎಂದರು ಡಾಕ್ಟರು. ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ಆದರೆ ಕಿವಿ ಮುಚ್ಚಿರಲಿಲ್ಲ.

ಡಾಕ್ಟರು ಆಚೆ ಹೋದ ಮೇಲೆ ಅವಳು ಆಕ್ಸಿಜನ್ ಮಾಸ್ಕನ್ನು ಬೆರಳಿಂದ ಸರಿಸಿದಳು.

"ಕೊಳಕು ಅಂದ್ಯಲ್ಲೋ. ವಿಷ ಅಂದಿದ್ರೆ ನಾನು ಮುಟ್ತಿದ್ನಾ?"

ಅವನು ಅವಳ ಕೈ ಹಿಡಿದ. ಕುದಿಯುವ ನೀರಿನಿಂದ ಜೀವಮಾನವಿಡೀ ಸುಟ್ಟು ಸುಟ್ಟು ಒರಟಾದ ಕೈ. ಅದರ ಮುಷ್ಟಿ ನಿಧಾನವಾಗಿ ಮುಚ್ಚಿ ತೆರೆಯುತ್ತಿತ್ತು. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದ.

"ಏನೂ ಆಗಲ್ಲ ಅಕ್ಕ" ಎಂಬುದೇ ಬಂತು.

ಅಕ್ಕ ಮಾಸ್ಕನ್ನು ತಾನೇ ಸರಿಮಾಡಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು. ಬೆಳಗಾಗುವಷ್ಟರಲ್ಲಿ ತೀರಿಕೊಂಡಳು. ಅವನು ಅವಳಿಗೆ ಹೇಳಿದ ಕೊನೆಯ ಮಾತು ಅದೇ ಆಯಿತು.