ಉಸಿರು ಬಿಡುವ ವಿದ್ಯೆ

ನನ್ನ ಮೊಮ್ಮಗಳು ಸುಮನಾ ಟೀಚರಾದಳು! ಲೆಕ್ಕ, ಇಂಗ್ಲಿಷ್ ಕಲಿಸುವ ಟೀಚರಲ್ಲ. ಉಸಿರಾಡಲು ಕಲಿಸುವ ಟೀಚರು. ನೀವು ನಗಬಹುದು. ನಾನೂ ನಕ್ಕಿದ್ದೆ. ಹುಟ್ಟಿದ ಗಳಿಗೆಯಲ್ಲೇ ಎಲ್ಲರೂ ಪಾಸಾದ ವಿಷಯಕ್ಕೆ ಮತ್ತೊಂದು ಕ್ಲಾಸೇ?

ನಾನಂತೂ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಉಸಿರಿನಲ್ಲಿ ನನ್ನದು ದೊಡ್ಡ ಓದು. ನಲವತ್ತು ವರ್ಷ ಮರವಂತೆಯ ಹೊಳೆಯಲ್ಲಿ ಮುಳುಗಿ ಮಳಿ ಹೆಕ್ಕಿದ್ದೇನೆ, ಅದೇ ಚಿಪ್ಪಿನೊಳಗಿನ ಮೀನು. ಉಸಿರು ಕಟ್ಟುವುದಕ್ಕೆ ಪುಸ್ತಕದಲ್ಲಿ ಕುಂಭಕ ಎನ್ನುತ್ತಾರಂತೆ. ನಾವು ಹೊಟ್ಟೆಪಾಡು ಎನ್ನುತ್ತಿದ್ದೆವು.

ಇವತ್ತು ತಲ್ಲೂರಿನ ಸಭಾಭವನವೊಂದರಲ್ಲಿ ಅವಳ ಮೊದಲ ಕ್ಲಾಸು. ಜನರಿಗೆ ಹಿಡಿಸಿದರೆ ಸೋಮವಾರದಿಂದ ಕೆಲಸ, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದು ಸಭಾಭವನ ಸಮಿತಿಯ ಕಾರ್ಯದರ್ಶಿ ಹೇಳಿದ್ದರು. ನಾಲ್ಕು ಜನರೆದುರು ಸ್ವರವೇ ಹೊರಡದ ಹುಡುಗಿ. ಧೈರ್ಯಕ್ಕೆಂದು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದಳು.

ಬಾಗಿಲಲ್ಲಿ ಬ್ಯಾನರು: ಪ್ರಾಣಾಯಾಮದಿಂದ ಮುಖಕ್ಕೆ ತೇಜಸ್ಸು, ಹೊಟ್ಟೆಗೆ ಜೀರ್ಣಶಕ್ತಿ, ತಲೆಗೆ ನೆನಪು, ಮನಸ್ಸಿಗೆ ಶಾಂತಿ. ಮಗನಿಗೆ ಹೆಣ್ಣು ಸಿಗುತ್ತದೆ ಎಂಬುದೊಂದು ಬರೆಯಲು ಬಾಕಿ. ಶಾಂತಿಗೆ ಬಂದವರು ಫ್ಯಾನಿನಡಿಯ ಜಾಗಕ್ಕೆ ಜಗಳಾಡುತ್ತಿದ್ದರು. ಆರೋಗ್ಯಕ್ಕೆ ಬಂದವರು ಪಕ್ಕದ ಓಣಿಯಿಂದ ಸ್ಕೂಟರಿನಲ್ಲಿ ಬಂದಿದ್ದರು.

ಸುಮನಾ ನಡುಗುತ್ತಲೇ, "ಉಸಿರು ಒಳಗೆ ತಗೊಳ್ಳಿ. ಆದಷ್ಟು ಹೊತ್ತು ಹಿಡ್ಕೊಳ್ಳಿ" ಎಂದಳು. ಹಿಡಿದೆ. ಹೊಳೆಯಲ್ಲಿ ನಮ್ಮದೊಂದು ಕ್ರಮ: ದೋಣಿಯಲ್ಲಿದ್ದವರು ದೋಣಿಯ ಬದಿಗೆ ಎರಡು ಸಲ ಕುಟ್ಟುವ ಮೊದಲೇ ಮೇಲೆ ಬಂದವನಿಗೆ ಮರ್ಯಾದೆಯಿಲ್ಲ. ಕಣ್ಣು ಮುಚ್ಚಿದ್ದೇ ತಡ, ನಾನು ಹೊಳೆಯ ತಳ ಸೇರಿದೆ. ಉಳಿದವರು ಯಾವಾಗ ಬಿಟ್ಟರೋ ಗೊತ್ತಿಲ್ಲ.

"ಹ್ವಾಯ್, ಅಜ್ಜಂಗ್ ಎಂತ ಆಯ್ತ್ ಕಾಣಿ!" ಎಂದು ಪಕ್ಕದವರು ಕೂಗಿದರು.

"ನೀರ್ ತನ್ನಿ, ನೀರ್!" ಎಂದಳು ಹಿಂದಿನಿಂದ ಒಬ್ಬಳು.

"ಮೊದಲ್ನೇ ದಿನವೇ ಹೀಂಗಾರೆ ಈ ಕ್ಲಾಸ್ ಬ್ಯಾಡವೇ ಬ್ಯಾಡ" ಎಂದರು ಕಾರ್ಯದರ್ಶಿ.

ನನಗೆಲ್ಲ ಕೇಳುತ್ತಿತ್ತು, ಕುಟ್ಟಿದ ಸದ್ದು ಮಾತ್ರ ಇಲ್ಲ.

ಆಗ ಟಕ್ ಟಕ್! ನನ್ನ ಹೊಳೆಯ ಕಥೆ ಕೇಳಿಯೇ ಬೆಳೆದ ಸುಮನಾ ಬೆಂಚಿಗೆ ಎರಡು ಸಲ ಕುಟ್ಟಿದಳು. ಬುಸ್ಸೆಂದು ಉಸಿರು ಬಿಟ್ಟೆ.

"ಎಂತ ಅಜ್ಜ, ಇದ್ ಹೊಳಿಯಾ?" ಎಂದು ಬೈದು ಜನರ ಕಡೆ ತಿರುಗಿದಳು. "ಕಂಡ್ರ್ಯಾ? ಯಾರೂ ಹೀಂಗ್ ಮಾಡುಕಾಗ. ಎದಿ ಬಿಗಿಯುಕ್ ಮೊದ್ಲೇ ಬಿಡ್ಕ್. ಹಿಡುದ್ ದೊಡ್ಡಸ್ತಿಕಿ ಅಲ್ಲ, ಮೆಲ್ಲ ಬಿಡುದೇ ವಿದ್ಯೆ."

ಸ್ವರದಲ್ಲಿ ನಡುಕ ಇರಲಿಲ್ಲ. ನನ್ನ ಬಳಿ ಕೂತು ಆರರವರೆಗೆ ಎಣಿಸುತ್ತ ಉಸಿರು ಬಿಡಿಸಿದಳು. ಸುಳ್ಳು ಹೇಳಲಾರೆ: ಮೊಣಕಾಲ ನೋವು ಹಾಗೇ ಇದೆ. ಆದರೆ ಹೆಗಲು ಸಡಿಲಾಯಿತು, ಫ್ಯಾನಿನಡಿಯ ಜಾಗ ಕಸಿದವನ ಮೇಲಿನ ಸಿಟ್ಟೂ ಇಳಿಯಿತು. ನಲವತ್ತು ವರ್ಷ ಹಿಡಿಯುವುದನ್ನೇ ಕಲಿತ ಎದೆಗೆ ಬಿಡು ಎಂದು ಯಾರೂ ಹೇಳಿರಲಿಲ್ಲ.

ಕಾರ್ಯದರ್ಶಿ ನಕ್ಕರು. "ಸ್ವಂತ ಅಜ್ಜಂಗೇ ಇಷ್ಟ್ ಬೈತ್ಳ್ ಅಂದ್ರೆ ನಮ್ಮನ್ನೂ ಸರಿ ಮಾಡ್ತ್ಳ್. ಸೋಮವಾರ ಬಾ ಮಗಾ."

ಸಂಜೆ ಮಗ, ಸೊಸೆ, ಹೆಂಡತಿ, ಸುಮನಾ, ನಾನು ಒಂದೇ ಸಾಲಿನಲ್ಲಿ ಉಣ್ಣಲು ಕೂತೆವು. ಬಂಗುಡೆ ಮೀನಿನ ಸಾರಿಗೆ ಸುಮನಾ ಮೂರನೇ ಸಲ ಅನ್ನ ಹಾಕಿಸಿಕೊಂಡಳು. "ಮೆಲ್ಲ ಉಣ್ಣ್ ಹೆಣೆ, ಟೀಚರೇ ನೆತ್ತಿಗ್ ಹತ್ತಿಸ್ಕಂಡ್ರೆ ಹ್ಯಾಂಗೆ?" ಎಂದಳು ನನ್ನ ಹೆಂಡತಿ. ಎಲ್ಲರೂ ನಕ್ಕೆವು. ನೆತ್ತಿಗೆ ಹತ್ತಿದ್ದು ನನಗೆ. ಸುಮನಾ ಬೆನ್ನು ತಟ್ಟಿದಳು. ಸಂತೋಷವನ್ನೂ ಒಂದೇ ತುತ್ತಿನಲ್ಲಿ ನುಂಗಬಾರದು.