ಮುಯ್ಯಿಗೆ ಹೋದ ಆಲ್ಟೊ

ಹೊನ್ನವಳ್ಳಿಯ ಮಾಯಣ್ಣ ಮೊದಲು ಎತ್ತಿನ ದಲ್ಲಾಳಿ. ಎತ್ತುಗಳು ಕಡಿಮೆಯಾದ ಮೇಲೆ ಹಳೇ ಕಾರು ಮಾರುವ ಕೆಲಸ ಹಿಡಿದ. ಅವನ ಅಂಗಳದ ಪಕ್ಕದಲ್ಲೇ ನನ್ನ ಪಂಕ್ಚರ್ ಅಂಗಡಿ. ಎತ್ತಾಗಲಿ, ಕಾರಾಗಲಿ, ಅದರ ಕೆಟ್ಟದ್ದನ್ನು ಅವನು ಮೊದಲು ಹೇಳುತ್ತಾನೆ. ಅಂಥ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಇಬ್ಬರು ಬಸ್ಸಿಳಿದು ಬಂದರು. ಬ್ರೂನೊ, ಅವನ ತಂಗಿ ಲೂಸಿಯಾ. ಅರ್ಜೆಂಟೀನಾದವರು. ಬಸ್ಸಿನಲ್ಲಿ ಮಡಚಿ ಕೂತು ಲೂಸಿಯಾಳ ಮೊದಲೇ ನೋವಿದ್ದ ಮೊಣಕಾಲು ಊದಿಕೊಂಡಿತ್ತು. ಕಾರು ಸಿಗದಿದ್ದರೆ ಸಮುದ್ರದ ತನಕ ಹೋಗುವ ಆಸೆ ಬಿಟ್ಟು ಊರಿಗೆ ವಾಪಸ್. ಬಾಡಿಗೆ ಕಂಪನಿಯವರು ವಯಸ್ಸು ಸಾಲದು ಎಂದಿದ್ದರು. ಡ್ರೈವರ್ ಸಮೇತ ಟ್ಯಾಕ್ಸಿ ಕೈಗೆ ಎಟುಕುತ್ತಿರಲಿಲ್ಲ. ಅಗ್ಗದ ಹಳೇ ಕಾರು ಕೊಳ್ಳೋಣ ಎಂದು ಬಂದಿದ್ದರು.

ಮಾಯಣ್ಣನ ಮಗಳು ಯೋಗಿತಾ ಇಂಗ್ಲಿಷಿನಲ್ಲಿ ಕೇಳಿ ಹೇಳುತ್ತಿದ್ದಳು. ಬ್ರೂನೊ ಒಂದು ಓಮ್ನಿ ಮೆಚ್ಚಿದ.

"ಅದು ಬ್ಯಾಡ ಅನ್ನು, ಬ್ರೇಕ್ ಸರಿ ಇಲ್ಲ," ಎಂದ ಮಾಯಣ್ಣ. "ಹೊರದೇಶದೋರ ಹೆಸ್ರಿಗೆ ಮಾಡ್ಸೋದೂ ತಾಪತ್ರಯ. ದಾರೀಲಿ ಪೊಲೀಸ್ರು ಹಿಡುದ್ರೆ ಏನ್ ತೋರುಸ್ತಾರೆ?"

"ಮತ್ತೇನ್ ಮಾಡದು ಅಂತ ಕೇಳ್ತಾವ್ರೆ ಅಪ್ಪಾ."

ಮಾಯಣ್ಣ ಆ ಹುಡುಗಿಯ ಕಾಲು ನೋಡಿದ. "ನಮ್ ಆಲ್ಟೊ ತಗಂಡೋಗ್ಲಿ."

ಮನೆಗೆ ಇದ್ದದ್ದು ಅದೊಂದೇ ಕಾರು. ಹೆಂಡತಿ ರಾಮಲಕ್ಷ್ಮಮ್ಮ ಬಾಗಿಲಿಗೆ ಬಂದಳು. "ಬುದ್ಧಿ ಐತಾ ನಿಂಗೆ? ಬರ್ದೆ ಹೋದ್ರೆ ಅವ್ರ್ ದೇಶಕ್ಕೆ ನಡ್ಕಂಡ್ ಹೋಗಿ ಕೇಳ್ತೀಯಾ?"

"ಬತ್ತಾರೆ ಬುಡೇ. ಎತ್ತು ಕೊಡ್ತಿರ್ಲಿಲ್ವಾ ಮುಯ್ಯಿಗೆ?"

ನಮ್ಮಲ್ಲಿ ಎತ್ತಿಲ್ಲದವರಿಗೆ ಉಳಲು ಎತ್ತು ಕೊಡುತ್ತಿದ್ದೆವು. ಬದಲಿಗೆ ಅವರು ನಮ್ಮ ತೋಟದಲ್ಲಿ ದುಡಿಯುತ್ತಿದ್ದರು. ಅದೇ ಮುಯ್ಯಿ. ದುಡ್ಡಿನ ಮಾತಿಲ್ಲ.

ಬ್ರೂನೊನ ಲೈಸೆನ್ಸು, ಪರ್ಮಿಟ್ಟು ನೋಡಿ, ತಿಪಟೂರಿನ ತನಕ ಅವನ ಕೈಲೇ ಕಾರು ಓಡಿಸಿ ನೋಡಿದ ಮಾಯಣ್ಣ. ಆಮೇಲೆ ಮುಯ್ಯಿಯ ಕೆಲಸಕ್ಕೆ ಅವನನ್ನು ಕಾಯಿ ಒಣಗಿಸುವ ಕೊಬ್ಬರಿ ಅಟ್ಟಕ್ಕೆ ಹತ್ತಿಸಿದ. ಬ್ರೂನೊ ಒಣಗಿದ ಕಾಯಿ ಇಳಿಸಿದ. ಲೂಸಿಯಾ ಕಾಲು ಚಾಚಿ ಕೂತು, ಚಿಪ್ಪು ಒಡೆದು ಕೊಟ್ಟ ಕೊಬ್ಬರಿಯನ್ನು ಆರಿಸಿದಳು. ಅರ್ಧ ಅಟ್ಟ ಖಾಲಿಯಾಯಿತು.

ಹೊರಡುವಾಗ ಮಾಯಣ್ಣ ಹೇಳಿದ್ದು ಒಂದೇ ಮಾತು. "ತೆಂಗಿನ ಮರದ ಕೆಳ್ಗೆ ಗಾಡಿ ನಿಲ್ಲುಸ್ಬ್ಯಾಡ ಅನ್ನು."

"ಅದ್ನೂ ಹೇಳ್ಬೇಕಾ ಅಪ್ಪಾ?" ಯೋಗಿತಾ ನಕ್ಕಳು.

"ಅವ್ರಿಗೇನ್ ಗೊತ್ತು? ನೆಳ್ಳು ಅಂದ್ಕಂತಾರೆ."

ಬರುತ್ತೇವೆಂದ ದಿನ ಅವರು ಬರಲಿಲ್ಲ. ಹಾರನ್ ಕೇಳಿದಾಗಲೆಲ್ಲ ರಾಮಲಕ್ಷ್ಮಮ್ಮ ಬಾಗಿಲಿಗೆ ಬರುತ್ತಿದ್ದಳು. ನನಗೂ ಅನುಮಾನ. ಮಾಯಣ್ಣ ಮಾತ್ರ ಕಾರಿಲ್ಲದೆ ಬಸ್ಸಿನಲ್ಲೇ ಓಡಾಡಿಕೊಂಡಿದ್ದ.

ಮಾರನೇ ದಿನ ಮಧ್ಯಾಹ್ನ ಆಲ್ಟೊ ಬಂತು. ಟಾಪಿನ ಮೇಲೆ ತೆಂಗಿನಕಾಯಿ ಗಾತ್ರದ ಗುಂಡಿ. ಬ್ರೂನೊ ತಲೆ ತಗ್ಗಿಸಿ ಪರ್ಸು ತೆಗೆದ.

"ಗೋಕರ್ಣದ್ ಹತ್ರ ಅಂತೆ ಅಪ್ಪಾ. ಬೇರೆ ನೆಳ್ಳೇ ಇರ್ಲಿಲ್ವಂತೆ, ಅವ್ಳು ಕಾಲ್ ಚಾಚ್ಕಂಡು ನಿದ್ದೆ ಮಾಡ್ತಿದ್ಲಂತೆ. ರಿಪೇರಿ ಮಾಡ್ಸನ ಅಂತ ಅಲೆದು ಲೇಟಾಯ್ತಂತೆ."

ಮಾಯಣ್ಣ ಎತ್ತಿನ ಬೆನ್ನು ಸವರುವಂತೆ ಟಾಪು ಸವರಿದ. ನಗು ತಡೆಯಲಾಗಲಿಲ್ಲ ಅವನಿಗೆ.

"ಇಷ್ಟ್ ವರ್ಸ ನಮ್ ತೋಟದಾಗೆ ಇದ್ಕೆ ಒಂದ್ ಏಟು ಬಿದ್ದಿರ್ಲಿಲ್ಲ ಕಣಪ್ಪ! ದುಡ್ಡು ಒಳಗಿಕ್ಕು ಅನ್ನು. ಇನ್ನರ್ಧ ಅಟ್ಟ ಐತೆ."

"ಮೊದ್ಲು ಉಣ್ಣಾಕೆ ಕರೀರಿ," ಎಂದಳು ರಾಮಲಕ್ಷ್ಮಮ್ಮ.

ಉಂಡು ಕೈ ತೊಳೆದು ಬ್ರೂನೊ ಏಣಿ ಹತ್ತಿದ. ಆ ಗುಂಡಿಯನ್ನು ಮಾಯಣ್ಣ ಇವತ್ತಿಗೂ ತೆಗೆಸಿಲ್ಲ.